ಮದ್ದಳೆ ಎಲ್ಲಿದೆ?

ಈ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದು ಕೊಡಲೇಬೇಕೆಂದು ಸಂಪಾದಕರು ಎರಡು ಸಲ ಮನೆಯವರೆಗೆ ಬಂದು ಹೋದರು. ತಾಳಮದ್ದಳೆಯ ನೆನಪುಗಳನ್ನು ಬರೆಯುತ್ತೇನೆಂದು ಒಪ್ಪಿಕೊಂಡೆ. ಈಗ ಬರೆಯಲು ಕುಳಿತರೆ ಲೇಖನಿ ಕಾಸರಗೋಡನ್ನು ಬಿಟ್ಟು ಅಮೆರಿಕಕ್ಕೆ ಹೊರಟಿದೆ; ಅದೂ ಹೆವಿ ಮೆಟಲ್ ಎಂಬ, ನಮ್ಮ ಪ್ರಾಯದವರು ಕಿವಿಗೆ ಬೆರಳಿಟ್ಟುಕೊಳ್ಳುವ ಸಂಗೀತದ ಬೆನ್ನು ಹತ್ತಿ. ಓದುಗರು ಕ್ಷಮಿಸಬೇಕು. ದಾರಿ ಸ್ವಲ್ಪ ಸುತ್ತಾದರೂ ಕೊನೆಗೆ ಬಂದು ಮುಟ್ಟುವುದು ನಮ್ಮ ಜಗಲಿಗೇ.

2002ರ ಆಟಿ ತಿಂಗಳು. ಅಣ್ಣನ ಮಗ ಆಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಶನಿವಾರ ಸಂಜೆಯ ರೈಲಿನಲ್ಲಿ ಒಗೆಯುವ ಬಟ್ಟೆಯ ಗಂಟು ಹೊತ್ತು ಮನೆಗೆ ಬರುವುದು ಅವನ ರೂಢಿ. ಆ ಸಲ ಗಂಟಿನೊಳಗೆ ಒಂದು ಕ್ಯಾಸೆಟ್ಟೂ ಇತ್ತು. ಊಟವಾದ ಮೇಲೆ ಅಟ್ಟ ಹತ್ತಿ, ಅಲ್ಲಿ ಮೂಲೆಯಲ್ಲಿದ್ದ ಹಳೆಯ ಟೇಪ್ ರೆಕಾರ್ಡರಿಗೆ ಅದನ್ನು ಹಾಕಿದ. ಹೊರಗೆ ಹಂಚಿನ ಮೇಲೆ ಧೋ ಎಂದು ಮಳೆ. ಒಳಗೆ ತಗಡಿನ ಮಾಡಿನ ಮೇಲೆ ಒಂದರ ಹಿಂದೆ ಒಂದು ತೆಂಗಿನಕಾಯಿ ಉದುರಿದಂಥ ಸದ್ದು. ಹತ್ತು ನಿಮಿಷ ತಡೆದುಕೊಂಡೆ. ಆಮೇಲೆ 'ಸ್ವಲ್ಪ ಸಣ್ಣ ಮಾಡು ಮಾರಾಯ' ಎನ್ನಲು ಏಣಿ ಹತ್ತಿದೆ.

ಹುಡುಗ ಕಣ್ಣು ಮುಚ್ಚಿ ಕುಳಿತಿದ್ದ. ತಂದೆಯಿಲ್ಲದೆ ಬೆಳೆದ ಮಗು. ಗದರಿಸಲು ಮನಸ್ಸು ಬರಲಿಲ್ಲ. ಬದಿಯಲ್ಲಿದ್ದ ಅಡಿಕೆ ಗೋಣಿಯ ಮೇಲೆ ಕುಳಿತು ಒಂದು ಹಾಡು ಪೂರ್ತಿ ಕೇಳಿದೆ. ಗಿಟಾರಿನದ್ದು ಗರಗಸದ ಹಲ್ಲಿನಂಥ ಸ್ವರ. ಬಡಿಯುವವನ ಪೆಟ್ಟು ಒಣಗಿದ ಕಟ್ಟಿಗೆಯ ಹಾಗೆ ಟಿಕ್ ಟಿಕ್ ಎನ್ನುತ್ತಿತ್ತು. ಲೆಕ್ಕ ಮಾತ್ರ ಬಹಳ ಬಿಗಿ. ತಾಳ ತಪ್ಪಿಸುತ್ತೇನೆಂದು ಹೆದರಿಸಿ ಕೊನೆಯ ಗಳಿಗೆಯಲ್ಲಿ ಕಾಲಿಗೆ ಸರಿಯಾಗಿ ಬಂದು ನಿಲ್ಲುವ ಚಮತ್ಕಾರ. ಆದರೂ ಏನೋ ಕೊರತೆ. ಮನೆಯ ಗೋಡೆ, ಮಾಡು ಎಲ್ಲ ಸರಿಯಿದೆ, ಅಡಿಯಲ್ಲಿ ಪಂಚಾಂಗವೇ ಇಲ್ಲ ಎಂಬಂತೆ.

'ಚೆಂಡೆ ಇದೆ, ಭಾಗವತಿಕೆ ಇದೆ. ಮದ್ದಳೆ ಎಲ್ಲಿದೆ?' ಎಂದು ಕೇಳಿದೆ.

ಅವನು ಟೇಪು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ. 'ಅಪ್ಪಚ್ಚೀ, ಈ ಕ್ಯಾಸೆಟ್ಟು ಕೇಳಿದ ಲೋಕದವರೆಲ್ಲ ಹದಿನಾಲ್ಕು ವರ್ಷದಿಂದ ಕೇಳುತ್ತಿರುವ ಪ್ರಶ್ನೆಯೇ ಅದು!'

ಹೀಗೆ ನಾನು ಅರಿಯದೆಯೇ ಪಂಡಿತನಾದೆ. ಅವನು ಆ ದಿನ ಹೇಳಿದ್ದನ್ನೂ ಆಮೇಲೆ ನಾನೇ ಕುತೂಹಲದಿಂದ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಮೇಳದ ಹೆಸರು ಮೆಟಾಲಿಕಾ. 1981ರಲ್ಲಿ ಲಾಸ್ ಏಂಜಲೀಸಿನಲ್ಲಿ ಇಬ್ಬರು ಹುಡುಗರು ಕಟ್ಟಿದ್ದು: ಡೆನ್ಮಾರ್ಕಿನಿಂದ ಬಂದ ಡ್ರಮ್ಮಿನವನು ಲಾರ್ಸ್ ಉಲ್ರಿಕ್, ಹಾಡಿ ಗಿಟಾರ್ ನುಡಿಸುವವನು ಜೇಮ್ಸ್ ಹೆಟ್‌ಫೀಲ್ಡ್. ಸ್ವಲ್ಪ ಸಮಯದಲ್ಲೇ ಕ್ಲಿಫ್ ಬರ್ಟನ್ ಎಂಬವನು ಬಾಸ್ ಗಿಟಾರ್ ಹಿಡಿದು ಸೇರಿದ. ಬಾಸ್ ಎಂದರೆ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಯ, ತಗ್ಗಿನ ಸ್ವರದ ವಾದ್ಯ. ಹಿಂದೆ ನಿಂತು ಎಲ್ಲರನ್ನೂ ಹೊತ್ತುಕೊಳ್ಳುವುದು ಅದರ ಧರ್ಮ. ಬರ್ಟನ್ ಅದನ್ನು ಮುಂದಿನ ಸಾಲಿಗೆ ತಂದು ನಿಲ್ಲಿಸಿದ. ಅವನು ಊರು ಬಿಟ್ಟು ಬರಲೊಲ್ಲೆ ಎಂದದ್ದಕ್ಕೆ ಮೇಳವೇ ಲಾಸ್ ಏಂಜಲೀಸ್ ಬಿಟ್ಟು ಅವನಿದ್ದ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಬಿಡಾರ ಎತ್ತಿತೆಂದರೆ ಅವನ ಯೋಗ್ಯತೆ ಎಷ್ಟೆಂದು ತಿಳಿಯಬಹುದು. ಮದ್ದಳೆಗಾರನಿಗಾಗಿ ಊರು ಬದಲಿಸಿದ ಮೇಳವನ್ನು ನಾನು ಈ ಕಡೆ ಕಂಡಿಲ್ಲ.

1986ರ ಸೆಪ್ಟೆಂಬರ್ 27ರ ನಸುಕಿನಲ್ಲಿ, ಸ್ವೀಡನ್ ದೇಶದಲ್ಲಿ ತಿರುಗಾಟದ ನಡುವೆ, ಅವರ ಬಸ್ಸು ಜಾರಿ ಮಗುಚಿತು. ಬರ್ಟನ್ ತೀರಿಕೊಂಡ. ಇಪ್ಪತ್ತನಾಲ್ಕು ವರ್ಷ ಪ್ರಾಯ. ಉಳಿದವರೂ ಆಗಿನ್ನೂ ಎಳೆಯರೇ. ಅಳುವುದಕ್ಕೆ ಪುರಸೊತ್ತು ಮಾಡಿಕೊಳ್ಳದೆ, ಸುಮಾರು ಒಂದು ತಿಂಗಳಿನೊಳಗೆ, ಜೇಸನ್ ನ್ಯೂಸ್ಟೆಡ್ ಎಂಬ ಹೊಸಬನನ್ನು ಆರಿಸಿಕೊಂಡು ತಿರುಗಾಟ ಮುಂದುವರಿಸಿದರು. ಈ ನ್ಯೂಸ್ಟೆಡ್ ಸತ್ತವನ ಅಭಿಮಾನಿ. ದೇವರ ಪೀಠದಲ್ಲಿ ಕುಳಿತ ಭಕ್ತನ ಪಾಡು ಹೇಗಿರಬಹುದು! ತಿಂಗಳುಗಟ್ಟಲೆ ಅವನನ್ನು ಗೇಲಿ ಮಾಡಿದರು, ಹೋಟೆಲಿನಲ್ಲಿ ಕುಡಿದದ್ದರ ಲೆಕ್ಕವನ್ನು ಅವನ ಕೋಣೆಗೆ ಬರೆಸಿದರು. ಅವನು ಸಹಿಸಿದ.

ಹೊಸಬನೊಂದಿಗೆ ಪೂರ್ಣ ಪ್ರಮಾಣದ ಮೊದಲ ಆಲ್ಬಮ್ಮಿಗೆ 1988ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಒನ್ ಆನ್ ಒನ್ ಸ್ಟುಡಿಯೋದಲ್ಲಿ ಕುಳಿತರು. ಮೊದಲು ಮೈಕ್ ಕ್ಲಿಂಕ್ ಎಂಬ ನಿರ್ಮಾಪಕರನ್ನು ಕರೆಸಿದರು. ಕೆಲವು ವಾರದಲ್ಲಿ ಅದು ಹೊಂದದೆ, ಹಿಂದಿನ ಎರಡು ಆಲ್ಬಮ್ ಮಾಡಿಕೊಟ್ಟ ಡೆನ್ಮಾರ್ಕಿನ ಫ್ಲೆಮಿಂಗ್ ರಾಸ್ಮುಸ್ಸೆನ್ನರಿಗೇ ಹೇಳಿ ಕಳುಹಿಸಿದರು. ಕೆಲಸ ಮುಗಿಯುವಾಗ ಮೇ ತಿಂಗಳು.

ಅವರ ಧ್ವನಿಮುದ್ರಣದ ಕ್ರಮ ನನಗೆ ವಿಚಿತ್ರವಾಗಿ ಕಂಡಿತು. ನಮ್ಮಲ್ಲಾದರೆ ಹಿಮ್ಮೇಳ ಒಟ್ಟಿಗೆ ಕುಳಿತು ಒಬ್ಬರ ಮುಖ ಒಬ್ಬರು ನೋಡಿ ನುಡಿಸುವುದು. ಅಲ್ಲಿ ಒಬ್ಬೊಬ್ಬರದ್ದು ಬೇರೆ ಬೇರೆ ದಿನ, ಬೇರೆ ಬೇರೆ ಪಟ್ಟಿ. ಮೊದಲು ಉಲ್ರಿಕ್ ಯಂತ್ರದ ಟಿಕ್ ಟಿಕ್‌ಗೆ ಸರಿಯಾಗಿ ಡ್ರಮ್ ನುಡಿಸಬೇಕು. ಚೆನ್ನಾಗಿ ಬಂದ ತುಂಡುಗಳನ್ನು ಟೇಪು ಕತ್ತರಿಸಿ ಜೋಡಿಸಬೇಕು. ಅದರ ಮೇಲೆ ಹೆಟ್‌ಫೀಲ್ಡ್ ತನ್ನ ಗಿಟಾರನ್ನು ಪದರ ಪದರವಾಗಿ ಹಾಸಬೇಕು. ನ್ಯೂಸ್ಟೆಡ್ ತನ್ನ ಪಾಲನ್ನು ನುಡಿಸಿದ್ದು ಒಬ್ಬ ಇಂಜಿನಿಯರನನ್ನು ಮಾತ್ರ ಎದುರು ಕೂರಿಸಿಕೊಂಡು. ಹಾಗಲ್ಲ ಹೀಗೆ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಕೂಡಲೇ ಮುಗಿಸಿ ಎದ್ದ.

ಎಲ್ಲ ಪಟ್ಟಿಗಳನ್ನು ಸೇರಿಸಿ ಯಾವುದು ದೊಡ್ಡ, ಯಾವುದು ಸಣ್ಣ ಎಂದು ತೀರ್ಮಾನಿಸುವುದಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ಇಡೀ ಕಥೆಯ ಗಂಟು ಇರುವುದು ಇಲ್ಲಿ. ನ್ಯೂಯಾರ್ಕ್ ರಾಜ್ಯದ ಬೇರ್ಸ್‌ವಿಲ್ ಸ್ಟುಡಿಯೋದಲ್ಲಿ ಸ್ಟೀವ್ ಥಾಂಪ್ಸನ್ ಮತ್ತು ಮೈಕೇಲ್ ಬಾರ್ಬೀರೋ ಎಂಬಿಬ್ಬರು ಆ ಕೆಲಸಕ್ಕೆ ಕುಳಿತರು. ಮೇಳ ಆಗಲೇ ದೊಡ್ಡ ಮೈದಾನಗಳ ತಿರುಗಾಟದಲ್ಲಿತ್ತು. ಉಲ್ರಿಕ್ ಮತ್ತು ಹೆಟ್‌ಫೀಲ್ಡ್ ಕಾರ್ಯಕ್ರಮಗಳ ನಡುವೆ ವಿಮಾನ ಹತ್ತಿ ಬಂದು, ಕೇಳಿ, ಹೇಳಿ, ಪುನಃ ಹೋಗುತ್ತಿದ್ದರು. ಬಾಸ್ ಕೇಳಿಯೂ ಕೇಳದ ಹಾಗಿರಬೇಕು ಎಂದು ಉಲ್ರಿಕ್ ಹೇಳಿದನಂತೆ. ಅಷ್ಟು ತಗ್ಗಿಸಿದ ಮೇಲೆ, ಅಲ್ಲಿಂದಲೂ ಇನ್ನು ಕೆಲವು ಡೆಸಿಬೆಲ್ ಇಳಿಸಿ ಎಂದನಂತೆ. ಇದನ್ನು ಎಷ್ಟೋ ವರ್ಷಗಳ ನಂತರ ಥಾಂಪ್ಸನ್ನರೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಆ ಪಟ್ಟಿಯನ್ನು ಪ್ರತ್ಯೇಕವಾಗಿ ಕೇಳಿದ್ದ ರಾಸ್ಮುಸ್ಸೆನ್ನರು, ನುಡಿಸಿದ್ದು ಬಹಳ ಚೆನ್ನಾಗಿತ್ತೆಂದು ಸಾಕ್ಷಿ ಹೇಳಿದ್ದಾರೆ.

ಯಾಕೆ ಹಾಗೆ ಮಾಡಿದರು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಾಸಿನವನು ಗಿಟಾರ್ ಹೋದ ದಾರಿಯಲ್ಲೇ ಹೆಜ್ಜೆಗೆ ಹೆಜ್ಜೆ ಹೋದ್ದರಿಂದ ಬೇರೆಯಾಗಿ ಕೇಳುವುದಿಲ್ಲ ಎಂಬುದು ಒಂದು. ಹೆಟ್‌ಫೀಲ್ಡ್ ಗಿಟಾರಿನ ನಡುಸ್ವರ ತೆಗೆದು ತಗ್ಗುಸ್ವರ ಹೆಚ್ಚಿಸಿದ್ದರಿಂದ ಬಾಸ್ ಕುಳಿತುಕೊಳ್ಳುವ ಮಣೆಯನ್ನೇ ಗಿಟಾರ್ ಆಕ್ರಮಿಸಿತು ಎಂಬುದು ಇನ್ನೊಂದು. ರಾತ್ರಿ ಅಷ್ಟು ಅಬ್ಬರದಲ್ಲಿ ನುಡಿಸಿ ಬಂದವರ ಕಿವಿ ಸೋತಿತ್ತು ಎಂಬುದು ಮತ್ತೊಂದು. ಎಲ್ಲವೂ ನಿಜವೇ ಇರಬಹುದು. ನನಗೆ ತೋಚುವುದು ಬೇರೆ. ಸತ್ತವನ ಜಾಗದಿಂದ ಇನ್ನೊಬ್ಬನ ಸ್ವರ ಬರುವುದನ್ನು ಕೇಳಲು ಆ ಹುಡುಗರಿಗೆ ಮನಸ್ಸಾಗಲಿಲ್ಲ. ಬರ್ಟನ್ ಬಿಟ್ಟು ಹೋಗಿದ್ದ ತುಣುಕುಗಳಿಂದ ಕಟ್ಟಿದ ಒಂದು ದೀರ್ಘ ರಚನೆಯೂ ಅದೇ ಆಲ್ಬಮ್ಮಿನಲ್ಲಿದೆ. ಸತ್ತವನಿಗೆ ಜಾಗ ಮಾಡಿಕೊಟ್ಟ ಭರದಲ್ಲಿ ಬದುಕಿದ್ದವನ ಜಾಗ ಸಣ್ಣದಾಯಿತು. ನ್ಯೂಸ್ಟೆಡ್ ಮುದ್ರಿತ ಪ್ರತಿಯನ್ನು ಕೇಳಿ ಸಿಟ್ಟಾದ, ಆಮೇಲೆ ನುಂಗಿಕೊಂಡ. ಮೊದಲ ಹಾಡಿನ ರಚನೆಯಲ್ಲಿ ಅವನ ಹೆಸರೂ ಇದೆ. ಹೊದಿಕೆಯ ಮೇಲೆ ಹೆಸರಿದೆ, ಟೇಪಿನಲ್ಲಿ ಸ್ವರವಿಲ್ಲ.

ಆಲ್ಬಮ್ಮಿನ ಹೆಸರು 'ಆಂಡ್ ಜಸ್ಟಿಸ್ ಫಾರ್ ಆಲ್'. ಎಲ್ಲರಿಗೂ ನ್ಯಾಯ ಎಂದರ್ಥ. ಅಮೆರಿಕದ ಮಕ್ಕಳು ಶಾಲೆಯಲ್ಲಿ ಧ್ವಜದೆದುರು ಹೇಳುವ ಪ್ರತಿಜ್ಞೆಯ ಕೊನೆಯ ತುಂಡು. ಹೊದಿಕೆಯಲ್ಲಿ ಕಣ್ಣು ಕಟ್ಟಿದ ನ್ಯಾಯದೇವತೆಯನ್ನು ಹಗ್ಗ ಬಿಗಿದು ಎಳೆಯುತ್ತಿದ್ದಾರೆ, ತಕ್ಕಡಿಯಿಂದ ಡಾಲರ್ ನೋಟು ಉದುರುತ್ತಿದೆ. ಈ ಚಿತ್ರ ನೋಡಿ ನಾನು ನಕ್ಕದ್ದಕ್ಕೆ ಹುಡುಗನಿಗೆ ಕಾರಣ ಹೇಳಬೇಕಾಗಲಿಲ್ಲ.

1988ರ ಆಗಸ್ಟಿನಲ್ಲಿ ಬಿಡುಗಡೆಯಾಯಿತು. ಒಂಬತ್ತು ಹಾಡು, ಅರುವತ್ತೈದು ನಿಮಿಷ. ರೇಡಿಯೋದವರ ಹೆಚ್ಚಿನ ಆಸರೆಯಿಲ್ಲದೆಯೇ ಅಮೆರಿಕದ ಪಟ್ಟಿಯಲ್ಲಿ ಆರನೆಯ ಸ್ಥಾನ. ಕಾಲಕ್ರಮದಲ್ಲಿ ಆ ದೇಶವೊಂದರಲ್ಲೇ ಎಂಬತ್ತು ಲಕ್ಷ ದಾಟಿತು. ಮರುವರ್ಷ ಗ್ರ್ಯಾಮಿಯವರು ಈ ಬಗೆಯ ಸಂಗೀತಕ್ಕೆ ಮೊದಲ ಬಾರಿ ಪ್ರಶಸ್ತಿ ಇಟ್ಟಾಗ ಇವರಿಗೇ ಎಂದು ಎಲ್ಲರೂ ನಿಶ್ಚಯಿಸಿದ್ದರು. ಸಿಕ್ಕಿದ್ದು ಕೊಳಲು ನುಡಿಸುವವನೊಬ್ಬನ ಮುಂದಾಳ್ತನದ ಜೆಥ್ರೋ ಟಲ್ ಎಂಬ ಹಳಬರ ಮೇಳಕ್ಕೆ! ಅವರು ತಮಗೆ ಬಾರದೆಂದು ಸಮಾರಂಭಕ್ಕೇ ಹೋಗಿರಲಿಲ್ಲ. ಮೆಟಾಲಿಕಾದವರು 'ಗ್ರ್ಯಾಮಿ ಸೋತವರು' ಎಂಬ ಚೀಟಿ ಅಚ್ಚು ಹಾಕಿಸಿ ಆಲ್ಬಮ್ಮಿನ ಮೇಲೆ ಅಂಟಿಸಿ ಮಾರಿದರು. ಈ ಬುದ್ಧಿ ನಮ್ಮ ಕವಿಗಳಿಗೂ ಬರಬೇಕು.

ಆ ಸಂಗ್ರಹದ 'ಒನ್' ಎಂಬ ಹಾಡಿನ ಕಥೆಯನ್ನು ಹುಡುಗ ಹೇಳಿದಾಗ ನಾನು ಸುಮ್ಮನಾದೆ. ಡಾಲ್ಟನ್ ಟ್ರಂಬೋ 1939ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಹುಟ್ಟಿದ ಹಾಡು. ಯುದ್ಧದಲ್ಲಿ ಕೈ, ಕಾಲು, ಕಣ್ಣು, ಕಿವಿ, ನಾಲಿಗೆ ಎಲ್ಲವನ್ನೂ ಕಳೆದುಕೊಂಡ ಸೈನಿಕ ಆಸ್ಪತ್ರೆಯ ಮಂಚದಲ್ಲಿದ್ದಾನೆ. ಒಳಗೆ ಬುದ್ಧಿ ಪೂರ್ತಿ ಎಚ್ಚರ. ತಾನಿದ್ದೇನೆ ಎಂದು ತಿಳಿಸುವುದು ಹೇಗೆ? ತಲೆಯನ್ನು ದಿಂಬಿಗೆ ಬಡಿದು ಬಡಿದು, ತಂತಿ ಕಚೇರಿಯ ಮೋರ್ಸ್ ಸಂಕೇತದಲ್ಲಿ ಮಾತನಾಡಲು ಹೊರಡುತ್ತಾನೆ. ಸುತ್ತ ಇದ್ದವರಿಗೆ ಅದು ಬರೇ ನಡುಕವಾಗಿ ಕಾಣುತ್ತದೆ.

ಗಡಿಯ ಈಚೆ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವನು ನಾನು. ಇದ್ದೂ ಕೇಳಿಸದಿರುವುದು ಎಂದರೇನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅರ್ಜಿ ಬರೆದು ಬರೆದು ಅದರಲ್ಲಿ ಪಳಗಿದ್ದೇನೆ. ಹಾಗಾಗಿ ನ್ಯೂಸ್ಟೆಡ್ ನಮ್ಮವನೇ ಎಂದು ಅನಿಸಿತು, ಆ ರಾತ್ರಿ ಅವನ ಪರವಾಗಿ ನಾಲ್ಕು ಮಾತು ಬಿರುಸಾಗಿ ಆಡಿದೆ ಕೂಡ. ಹುಡುಗನಿಗೆ ಸಂತೋಷವಾಯಿತು. ಕೆಳಗಿಳಿದು ಚಾಪೆ ಹಾಸಿ ಮಲಗಿದಾಗ ನಿದ್ದೆ ಬರಲಿಲ್ಲ. ಇದೇ ಟೇಪ್ ರೆಕಾರ್ಡರಿನಲ್ಲಿ ಹದಿಮೂರು ವರ್ಷದ ಹಿಂದೆ ನಾನೇನು ಮಾಡಿದ್ದೆನೆಂದು ನೆನಪಾಯಿತು.

ನನ್ನ ಅಣ್ಣ ಮದ್ದಳೆಗಾರ. ಮೇಳ ಕಟ್ಟಿ ತಿರುಗಿದವನಲ್ಲ, ಹೆಸರು ಮಾಡಿದವನೂ ಅಲ್ಲ. ತೋಟದ ಕೆಲಸ ಮುಗಿಸಿ, ಮಿಂದು, ಮದ್ದಳೆಗೆ ಬೋನ ಹಚ್ಚಿ, ಸುತ್ತಮುತ್ತಲಿನ ಕೂಟಗಳಿಗೆ ಕರೆದಲ್ಲಿಗೆ ಹೋಗುತ್ತಿದ್ದ. ನಮ್ಮ ಮಲಯಾಳಿ ಮಿತ್ರರಿಗೆ ಮದ್ದಳೆಯ ಬೆಲೆ ಹೇಳಬೇಕಾಗಿಲ್ಲ. ಅವರ ಕಥಕಳಿಯಲ್ಲೂ ಸ್ತ್ರೀಪಾತ್ರ ಬಂದಾಗ ಚೆಂಡೆ ಹಿಂದೆ ಸರಿದು ಮದ್ದಳಕ್ಕೆ ದಾರಿ ಬಿಡುತ್ತದೆ. ನಮ್ಮಲ್ಲೂ ಪದ ಎತ್ತಿದಲ್ಲಿಂದ ಇಳಿಸುವವರೆಗೆ ಭಾಗವತರ ಜೊತೆಗಿರುವುದು ಮದ್ದಳೆ. ಚೆಂಡೆ ವೀರಕ್ಕೆ, ಅಬ್ಬರಕ್ಕೆ ಬರುವ ನೆಂಟ. ಆದರೆ ನೆಂಟ ಬಂದಾಗ ಮನೆಯವನ ಮಾತು ಕೇಳುವುದಿಲ್ಲ.

1989ರಲ್ಲಿ ನಮ್ಮ ಊರಿನಲ್ಲಿ 'ವಾಲಿವಧೆ' ಕೂಟ ಏರ್ಪಾಡಾಯಿತು. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗ, ದೂರದಿಂದ ಬಂದ ದೊಡ್ಡ ಅರ್ಥಧಾರಿಗಳು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ನ್ಯಾಯ ಎಂದು ವಾಲಿ ರಾಮನನ್ನು ಕೇಳುವಲ್ಲಿ ವಾದ ಹೇಗೆ ಏರುತ್ತದೆಂದು ಕೇಳಲು ಜನ ಕಿಕ್ಕಿರಿದಿದ್ದರು. ನಾನು ಹೊಸತಾಗಿ ತೆಗೆದ ಟೇಪ್ ರೆಕಾರ್ಡರನ್ನು ಹೆಗಲಿಗೇರಿಸಿಕೊಂಡು ಹೋಗಿದ್ದೆ. ಎಲ್ಲಿ ಇಡಬೇಕು ಎಂದು ನೋಡಿದೆ. ಅರ್ಥಧಾರಿಗಳ ಮಾತು ಬೀಳಬೇಕು, ಭಾಗವತರ ಪದ ಬೀಳಬೇಕು. ಅದಕ್ಕೆ ಅನುಕೂಲವಾದ ಜಾಗ ಚೆಂಡೆಯ ಬದಿಯಲ್ಲಿತ್ತು. ಅಣ್ಣ ಕುಳಿತದ್ದು ಆಚೆ ಬದಿ. ಅಲ್ಲಿಂದ ಮದ್ದಳೆ ಬೀಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಮನೆಯ ಮದ್ದಳೆ, ದಿನಾ ಕೇಳುವುದೇ ತಾನೆ ಎಂದುಕೊಂಡೆ.

ಮರುದಿನ ಅಣ್ಣ ತೋಟಕ್ಕೆ ಇಳಿಯುವ ಮೊದಲು ಜಗಲಿಯಲ್ಲಿ ನಿಂತು, ಕೇಳಲೋ ಬೇಡವೋ ಎಂಬ ಹಾಗೆ ಕೇಳಿದ: 'ನನ್ನದು ಕೇಳ್ತದಾ?'

'ಕೇಳ್ತದೆ' ಎಂದೆ.

ಅವನು ಅದನ್ನು ಹಾಕಿಸಿ ಕೇಳಲಿಲ್ಲ. ಸಂಕೋಚದ ಮನುಷ್ಯ. 1994ರಲ್ಲಿ ಕಾಯಿಲೆಯಿಂದ ತೀರಿಹೋದ. ಅವನು ನುಡಿಸಿದ್ದರ ಟೇಪು ಎಂದು ನಮ್ಮಲ್ಲಿ ಉಳಿದದ್ದು ಅದೊಂದೇ. ಆಮೇಲೆ ನಾನು ಅದನ್ನು ಹಾಕಿದ್ದಿಲ್ಲ. ಅವನ ಮೇಲಿನ ದುಃಖದಿಂದ ಎಂದು ಮನೆಯವರು ತಿಳಿದಿದ್ದರು.

ಮೆಟಾಲಿಕಾದ ಕಥೆ ಮುಂದೆ ಹೀಗಾಯಿತು. 1991ರ ಆಲ್ಬಮ್ಮಿಗೆ ಬಾಬ್ ರಾಕ್ ಎಂಬ ನಿರ್ಮಾಪಕರು ಬಂದು ಬಾಸಿಗೆ ಅದರ ಮಣೆ ವಾಪಸು ಕೊಡಿಸಿದರು, ಲೋಕವೆಲ್ಲ ಕೇಳಿತು. ನ್ಯೂಸ್ಟೆಡ್ ಹದಿನಾಲ್ಕು ವರ್ಷ ದುಡಿದು 2001ರಲ್ಲಿ ಮೇಳ ಬಿಟ್ಟ. 2009ರಲ್ಲಿ ಈ ಮೇಳದ ಹಾಡುಗಳಿಂದಲೇ ಮಾಡಿದ 'ಗಿಟಾರ್ ಹೀರೋ' ಎಂಬ ಕಂಪ್ಯೂಟರ್ ಆಟ ಬಂತು. ಆಡುವವರು ಒಬ್ಬೊಬ್ಬರು ಒಂದೊಂದು ವಾದ್ಯ ಹಿಡಿಯುವ ಆಟವಾದ್ದರಿಂದ ಅದಕ್ಕೆ ಪಟ್ಟಿಗಳನ್ನು ಬೇರೆ ಬೇರೆಯಾಗಿಯೇ ಕೊಡಬೇಕಾಗಿತ್ತು. ಜಾಣ ಹುಡುಗರು ಅದರೊಳಗಿನಿಂದ ಬಾಸನ್ನು ಹೊರತೆಗೆದು ಕೇಳಿದರು. ಇಪ್ಪತ್ತೊಂದು ವರ್ಷದ ನಂತರ ಆ ಹಾಡುಗಳ ಅಡಿಪಾಯ ಜನರ ಕಿವಿಗೆ ಬಿತ್ತು. ಅಭಿಮಾನಿಗಳು ಬಾಸ್ ಏರಿಸಿದ ಪ್ರತಿಗಳನ್ನು ಮಾಡಿ 'ಜೇಸನ್ನನಿಗೂ ನ್ಯಾಯ' ಎಂಬರ್ಥದ ಹೆಸರಿಟ್ಟು ಹಂಚಿದರು. ಮೇಳದವರು ಮಾತ್ರ 2018ರಲ್ಲಿ ಆಲ್ಬಮ್ಮನ್ನು ಶುದ್ಧಗೊಳಿಸಿ ಮರುಬಿಡುಗಡೆ ಮಾಡಿದಾಗಲೂ ಬಾಸನ್ನು ಏರಿಸಲಿಲ್ಲ. ಅದು ಆ ಕಾಲದಲ್ಲಿ ನಾವು ಇದ್ದ ರೀತಿ, ಹಾಗೆಯೇ ಇರಲಿ ಎಂಬುದು ಅವರ ನಿಲುವು. ಹುಡುಗನಿಗೆ ಇದು ಹಟವೆಂದು ಕಂಡಿತು. ನನಗೆ ಅಷ್ಟು ಸುಲಭವಾಗಿ ಹಾಗೆನ್ನಲು ಬರುವುದಿಲ್ಲ. ತಪ್ಪನ್ನು ತಿದ್ದಿ ಮುಚ್ಚುವುದಕ್ಕಿಂತ ಕಾಣುವಂತೆ ಬಿಡುವುದೂ ಒಂದು ಬಗೆಯ ಒಪ್ಪಿಗೆಯೇ.

ನಡುವೆ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನುಡಿಸಿದರು. ಭಾರತದಲ್ಲಿ ಅದೇ ಮೊದಲು. ಹುಡುಗ ಆಗ ಅಲ್ಲೇ ಕೆಲಸದಲ್ಲಿದ್ದ. ಜನಸಾಗರದ ನಡುವಿನಿಂದ ನನಗೆ ಫೋನ್ ಮಾಡಿ ಎತ್ತಿ ಹಿಡಿದ. ನನಗೆ ಕೇಳಿದ್ದು ಸಮುದ್ರದ ಭೋರ್ಗರೆತ. 'ಬಾಸ್ ಎದೆಗೆ ಗುದ್ದುತ್ತಾ ಉಂಟು ಅಪ್ಪಚ್ಚೀ' ಎಂದು ಕೂಗುತ್ತಿದ್ದ. ಆ ಹೊತ್ತಿಗೆ ಆ ಜಾಗದಲ್ಲಿ ರಾಬರ್ಟ್ ಟ್ರುಹಿಲ್ಲೋ ಎಂಬ ಇನ್ನೊಬ್ಬನಿದ್ದ.

ಕಳೆದ ನವರಾತ್ರಿಗೆ ಹುಡುಗ (ಈಗ ಅವನಿಗೂ ಕೂದಲು ಬೆಳ್ಳಗಾಗುತ್ತಿದೆ) ಮನೆಗೆ ಬಂದಾಗ ಕಪಾಟಿನಿಂದ ಆ 'ವಾಲಿವಧೆ' ಕ್ಯಾಸೆಟ್ಟನ್ನು ತಾನಾಗಿಯೇ ಹುಡುಕಿ ತೆಗೆದ. ಕಂಪ್ಯೂಟರಿಗೆ ಇಳಿಸಿಕೊಂಡ. ಮಿಶ್ರವಾದ ಸ್ವರವನ್ನು ಬಿಡಿಸಿ ಕೊಡುವ ತಂತ್ರ ಈಗ ಬಂದಿದೆ, ಅಪ್ಪನ ಮದ್ದಳೆಯನ್ನು ಎತ್ತಿ ಕೊಡುತ್ತೇನೆ ನೋಡಿ ಎಂದ. ನನ್ನ ಎದೆ ಹೊಡೆದುಕೊಳ್ಳತೊಡಗಿತು.

ಯಂತ್ರ ನಾಲ್ಕು ಪೆಟ್ಟಿಗೆ ಮಾಡಿತು: ಹಾಡು, ಡ್ರಮ್, ಬಾಸ್, ಉಳಿದದ್ದು. ಹಾಡಿನ ಪೆಟ್ಟಿಗೆಯಲ್ಲಿ ಭಾಗವತರು ಸ್ವಚ್ಛವಾಗಿ ಸಿಕ್ಕಿದರು. ಉಳಿದದ್ದರಲ್ಲಿ ಶ್ರುತಿಪೆಟ್ಟಿಗೆ. ಬಾಸ್ ಎಂಬಲ್ಲಿ ಆಸೆಯಿಂದ ಕಿವಿಗೊಟ್ಟೆವು. ಆ ರಾತ್ರಿ ಕರೆಂಟು ಹೋಗಿ ಓಡಿಸಿದ ಜನರೇಟರಿನ ಗುಂಯ್‌ಗುಡುವಿಕೆ. ಡ್ರಮ್ಮಿನ ಪೆಟ್ಟಿಗೆಯಲ್ಲಿ ಚೆಂಡೆ. ಮದ್ದಳೆ ಇದ್ದರೆ ಅದರ ಅಡಿಯಲ್ಲೇ ಎಲ್ಲೋ. ಚರ್ಮವಾದ್ಯವೆಲ್ಲ ಆ ಯಂತ್ರಕ್ಕೆ ಒಂದೇ. ಅಮೆರಿಕದ ಸ್ಟುಡಿಯೋದಲ್ಲಿ ಬೇರೆ ಪಟ್ಟಿ ಇತ್ತು, ಆದ್ದರಿಂದ ಹೂತದ್ದನ್ನು ತೆಗೆಯಬಹುದಾಗಿತ್ತು. ನನ್ನದು ಒಂದೇ ಮೈಕಿನ ಟೇಪು.

ಹುಡುಗ ಬಹಳ ಹೊತ್ತು ಏನೇನೋ ತಿರುಗಿಸಿದ. 'ಮೈಕ್ ಚೆಂಡೆಯ ಬದಿಯಲ್ಲಿ ಇಟ್ಟದ್ದು ಯಾರು?' ಎಂದು ಗೊಣಗಿದ. ಪ್ರಶ್ನೆ ನನಗಲ್ಲ. ಆದರೂ ಉತ್ತರ ಹೇಳಿದೆ. ಜಾಗ ಆರಿಸಿದ್ದು, ಗೊತ್ತಿದ್ದೇ ಆರಿಸಿದ್ದು, ಮರುದಿನ ಜಗಲಿಯಲ್ಲಿ ಹೇಳಿದ ಸುಳ್ಳು, ಎಲ್ಲ. ಅವನು ನನ್ನ ಕಡೆ ತಿರುಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, 'ಕ್ಯಾಸೆಟ್ಟಿನ ಎರಡನೆಯ ಬದಿ ಇನ್ನೂ ಉಂಟು' ಎಂದ.

ಎರಡನೆಯ ಬದಿಯಲ್ಲಿ ವಾಲಿ ಬಿದ್ದಿದ್ದಾನೆ. ವಾದ ಮುಗಿದಿದೆ. ಭಾಗವತರು ವಿಳಂಬದಲ್ಲಿ ಕರುಣದ ಪದ ಎತ್ತಿಕೊಂಡರು. ಕರುಣಕ್ಕೆ ಚೆಂಡೆ ಇಲ್ಲ. ಕೋಲು ಕೆಳಗಿಟ್ಟ ಸದ್ದು ಸಹ ಟೇಪಿನಲ್ಲಿ ಬಿದ್ದಿದೆ. ಆಮೇಲೆ ದೂರದಿಂದ, ಬಾವಿಯೊಳಗಿನಿಂದ ಬಂದ ಹಾಗೆ, ಎಡಗೈಯ ಒಂದು ಗುಂಕಾರ, ಬಲಗೈಯ ಬೆರಳು ಮೂರು ಸಲ. ಪದದ ಸಾಲು ಮುಗಿಯುವಲ್ಲಿ ಅಣ್ಣ ಯಾವಾಗಲೂ ಅರೆಕ್ಷಣ ತಡೆದು ಕೊಡುತ್ತಿದ್ದ ಪೆಟ್ಟು. ಅದನ್ನು ಯಾರೂ ನನಗೆ ಗುರುತಿಸಿ ಕೊಡಬೇಕಾಗಿರಲಿಲ್ಲ.

ಅತ್ತಿಗೆ ಅಡಿಗೆ ಮನೆಯಿಂದ ಬಂದು ಕೈ ಒರೆಸುತ್ತಾ ಬಾಗಿಲಲ್ಲಿ ನಿಂತರು.

'ಸ್ವಲ್ಪ ದೊಡ್ಡ ಮಾಡು' ಎಂದರು.